ಬೇಕು ಎನ್ನುವುದು, ಆರಿಸುವುದು

1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. 144 ಮಂದಿ ಬಂದಿದ್ದರು. ದಿವಾನ್ ರಂಗಾಚಾರ್ಲು ಅವರೆದುರು ಸಂಸ್ಥಾನದ ಆಡಳಿತದ ವಿವರ ಇಟ್ಟರು. ಆ ಹೊತ್ತಿಗೆ ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ಕೆಂಗೇರಿ, ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿತ್ತು. ಮರುವರ್ಷ ಫೆಬ್ರುವರಿಯಲ್ಲಿ ಮೈಸೂರು ಮುಟ್ಟಿತು. 1876–78ರ ಭೀಕರ ಬರದಲ್ಲಿ ಹಸಿದ ಜನ ಕೂಲಿಗಾಗಿ ಮಣ್ಣು ಹೊತ್ತು ಕಟ್ಟಿದ ದಾರಿ ಅದು. ಸಭೆಗೆ ಬಂದವರು ಲೆಕ್ಕ ಕೇಳಿಸಿಕೊಳ್ಳಬಹುದಿತ್ತು, ತಮ್ಮ ಊರಿನ ಕುಂದುಕೊರತೆ ಹೇಳಬಹುದಿತ್ತು. ತೀರ್ಮಾನಿಸುವ ಹಕ್ಕು ಇರಲಿಲ್ಲ.

ಆ ಹಳಿ ಈಗ ಬ್ರಾಡ್ ಗೇಜ್ ಆಗಿದೆ, ಜೋಡಿಯಾಗಿದೆ, ಮೇಲೆ ವಿದ್ಯುತ್ ತಂತಿ ಬಂದಿದೆ. ಹಣದ ವಿಚಾರಕ್ಕೆ ಬಂದರೆ ಜನರ ಸ್ಥಾನ ಮಾತ್ರ ಬಹುಪಾಲು ಆ ಮೊದಲ ಸಭೆಯಲ್ಲಿದ್ದಲ್ಲೇ ಇದೆ. ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಹಳಿಗಾಗಿ ಸುರಿಯುತ್ತಿರುವ, ಸುರಿಯಲಿರುವ ಸಾವಿರಾರು ಕೋಟಿಯ ಬಗ್ಗೆ ನಮ್ಮ ಅಭಿಪ್ರಾಯ ಕೇಳುವುದೇ ಇಲ್ಲ ಎಂದಲ್ಲ. ಕೇಳುತ್ತಾರೆ. ಏನನ್ನು ಕೇಳುತ್ತಾರೆ, ಯಾವಾಗ ಕೇಳುತ್ತಾರೆ ಎಂಬುದು ನನ್ನ ತಕರಾರು. ‘ಬೇಕಾ?’ ಎಂದು ಕೇಳಿದರೆ ಯಾರಾದರೂ ಬೇಕೆನ್ನುತ್ತಾರೆ. ಇದಕ್ಕೆ ಇಷ್ಟು ಹಣ, ಇದನ್ನು ಮಾಡಿದರೆ ಅದು ಹಿಂದೆ ಬೀಳುತ್ತದೆ, ಯಾವುದು ಮೊದಲಾಗಲಿ ಎಂದು ಕೇಳಿದಾಗಲೇ ಮನುಷ್ಯ ಯೋಚಿಸಲು ಶುರುಮಾಡುತ್ತಾನೆ. ಬೆಲೆಯಿಲ್ಲದ ಪ್ರಶ್ನೆಗೆ ಬಂದ ಉತ್ತರವನ್ನು ಜನಾಭಿಪ್ರಾಯ ಎನ್ನಲಾಗದು.

ಇತ್ತೀಚಿನ ಹೋರಾಟಗಳನ್ನೇ ನೋಡಿ. 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡವೆಂದು ಜನ ಕೈಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದೇ ವರ್ಷ ಮೆಟ್ರೊ ನಿಲ್ದಾಣಗಳಲ್ಲಿ ಹಿಂದಿ ಫಲಕ ಬೇಡವೆಂಬ ಕೂಗೆದ್ದಿತು, ಫಲಕಗಳು ಹೋದವು. ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗಾಗಿ ಚಳವಳಿ ನಡೆದದ್ದೂ ಆ ವರ್ಷವೇ. ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಬಂದದ್ದು 2020ರಲ್ಲಿ, ಶಂಕುಸ್ಥಾಪನೆ ನಡೆದದ್ದು 2022ರ ಜೂನ್ 20ರಂದು. ನಾಲ್ಕು ಮಾರ್ಗ, 148 ಕಿಲೋಮೀಟರ್, 15,767 ಕೋಟಿ ರೂಪಾಯಿ, 40 ತಿಂಗಳಲ್ಲಿ ಮುಗಿಸುವ ಮಾತು. ಆ ಗಡುವು 2025ರ ಅಕ್ಟೋಬರಿಗೆ ತೀರಿತು. ಒಂದು ಮಾರ್ಗದಲ್ಲೂ ಗಾಡಿ ಓಡಲಿಲ್ಲ. ನಮ್ಮ ಭಾಗದ್ದಾದ ಕೆಂಗೇರಿ–ವೈಟ್‌ಫೀಲ್ಡ್ ಮಾರ್ಗಕ್ಕೆ ‘ಪಾರಿಜಾತ’ ಎಂಬ ಚೆಂದದ ಹೆಸರು ಸಿಕ್ಕಿತು. ನೆಲದ ಮೇಲಿನ ಕೆಲಸದಲ್ಲಿ ಅದರ ಸರದಿ ಹಿಂದೆಯೇ ಉಳಿಯಿತು.

‘ಬೇಡ’ ಬೇಗ ಗೆಲ್ಲುತ್ತದೆ, ಏಕೆಂದರೆ ನಿಲ್ಲಿಸಲು ಒಂದು ಸಹಿ ಸಾಕು. ಫಲಕ ಬದಲಿಸಲೂ ಹೆಚ್ಚು ಹಣ ಬೇಡ. ‘ಬೇಕು’ ಎಂಬುದಕ್ಕೆ ಹತ್ತು ವರ್ಷ ಸತತವಾಗಿ ಹಣ ಬೇಕು, ಆ ಹಣ ಇನ್ನೊಂದು ಕಡೆಯಿಂದ ಬರಬೇಕು. ಆ ಇನ್ನೊಂದು ಕಡೆ ಯಾವುದೆಂದು ಚಳವಳಿ ಹೇಳಲಿಲ್ಲ, ಸರ್ಕಾರವೂ ಹೇಳಲಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಗೆ ಈಗ ಹಾಕಿರುವ ಅಂದಾಜು 17 ಸಾವಿರ ಕೋಟಿಗೂ ಮೇಲೆ. ಇಡೀ ಉಪನಗರ ರೈಲಿನ 148 ಕಿಲೋಮೀಟರಿಗೆ ಇಟ್ಟ ಅಂದಾಜಿಗಿಂತ ಹೆಚ್ಚು. ಈ ಎರಡು ಅಂಕಿಗಳನ್ನು ಒಂದೇ ಕಾಗದದ ಮೇಲೆ ಪಕ್ಕಪಕ್ಕ ಬರೆದು ನಾಗರಭಾವಿಯ ಅಥವಾ ಮಾಗಡಿ ರಸ್ತೆಯ ಜನರ ಮುಂದೆ ಯಾರೂ ಇಡಲಿಲ್ಲ. ಪ್ರತಿ ಯೋಜನೆಯೂ ಒಂಟಿಯಾಗಿ ಬರುತ್ತದೆ, ಒಂಟಿಯಾಗಿ ನೋಡಿದರೆ ಎಲ್ಲವೂ ಒಳ್ಳೆಯದೇ.

ಮೊದಲು ಹೀಗಿರಲಿಲ್ಲ ಎನ್ನುವವರಿದ್ದಾರೆ. 1924ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ ಇತ್ತು. ಫೆಬ್ರುವರಿ ಕೊನೆಯ ಆ ದಿನದ ಮರುದಿನ ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ಕರ್ನಾಟಕಕ್ಕೆ ಎಷ್ಟು ಹೊಸ ಗಾಡಿ, ಯಾವ ಮಾರ್ಗದ ಸರ್ವೆ ಎಂಬ ಪಟ್ಟಿ ಬರುತ್ತಿತ್ತು. ವಿಜಯನಗರದ ದರ್ಶಿನಿಗಳ ಮುಂದೆ ನಿಂತು ಕಾಫಿ ಕುಡಿಯುತ್ತ ಜನ ಅದನ್ನೇ ಜಗ್ಗಾಡುತ್ತಿದ್ದರು. 2016ರದ್ದೇ ಕೊನೆ, 2017ರಿಂದ ಅದು ಸಾಮಾನ್ಯ ಬಜೆಟ್ಟಿನೊಳಗೆ ಸೇರಿತು. ಹಳೆಯ ಪಟ್ಟಿಗಳಲ್ಲಿ ಘೋಷಿಸಿ ಮರೆತ ಮಾರ್ಗಗಳು ಬೇಕಾದಷ್ಟಿದ್ದವು, ಆ ಪದ್ಧತಿಗೆ ಮರಳಬೇಕೆಂದು ನಾನು ಹೇಳುವುದಿಲ್ಲ. ಆದರೆ ವರ್ಷಕ್ಕೊಂದು ದಿನ ಇಡೀ ರಾಜ್ಯ ರೈಲಿನ ಹಣದ ಬಗ್ಗೆ ಮಾತಾಡುತ್ತಿತ್ತು. ಆ ದಿನ ಹೋದದ್ದು ನಷ್ಟವೇ. ಮಾರ್ಗವಾರು ಹಣದ ವಿವರ ಈಗಲೂ ಅಚ್ಚಾಗುತ್ತದೆ. ಓದುವವರು ಕಡಿಮೆ, ಅದನ್ನಿಟ್ಟುಕೊಂಡು ಜಗಳವಾಡುವವರು ಇನ್ನೂ ಕಡಿಮೆ.

ಮೆಟ್ರೊದಲ್ಲಿ ನಮ್ಮನ್ನು ಕೇಳುವುದು ಬಾಲದ ತುದಿಯಲ್ಲಿ. ಮಾರ್ಗ ತೀರ್ಮಾನವಾಗಿ, ಸಾಲ ತಂದು, ಕಂಬ ನೆಟ್ಟು, ಗಾಡಿ ಓಡಿದ ಮೇಲೆ ದರದ ಬಗ್ಗೆ ಸಲಹೆ ಕಳಿಸಿ ಎನ್ನುತ್ತಾರೆ. 2024ರಲ್ಲಿ ದರ ನಿಗದಿ ಸಮಿತಿ ಹಾಗೆ ಕೇಳಿತು. 2025ರ ಫೆಬ್ರುವರಿ 9ರಂದು ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಕೆಲವು ನಿಲ್ದಾಣಗಳ ನಡುವೆ ದುಪ್ಪಟ್ಟಾಯಿತು. ಪ್ರತಿಭಟನೆಯಾದ ಮೇಲೆ ಆ ಏರಿಕೆಯನ್ನು ಶೇ 71ಕ್ಕೆ ತಡೆದರು. 2002ರ ಮೆಟ್ರೊ ಕಾಯ್ದೆಯ ಪ್ರಕಾರ ಸಮಿತಿಯ ಶಿಫಾರಸಿಗೆ ಮೆಟ್ರೊ ಆಡಳಿತ ಬದ್ಧ. ಅಷ್ಟು ಬಲವುಳ್ಳ ವರದಿ ಜನರ ಕೈಗೆ ಸಿಕ್ಕಿದ್ದು ತಿಂಗಳುಗಳ ಮೇಲೆ, ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಬಳಿಕ. ದರ ಏರಲೇಬಾರದಿತ್ತು ಎಂದು ನಾನು ವಾದಿಸುತ್ತಿಲ್ಲ. ಸಾಲ ತಂದವರು ತೀರಿಸಬೇಕು. ಆದರೆ ಸಾಲ ಮಾಡುವಾಗ ಕೇಳದೆ, ತೀರಿಸುವಾಗ ಮಾತ್ರ ಅಭಿಪ್ರಾಯ ಕೇಳುವುದು ಮನೆಯ ಹಿರಿಯ ಗೃಹಪ್ರವೇಶ ಮುಗಿಸಿ ಕಂತು ಕಟ್ಟುವ ದಿನ ಮಕ್ಕಳನ್ನು ಕೂರಿಸಿಕೊಂಡ ಹಾಗೆ.

ಜನಸಾಮಾನ್ಯರಿಗೆ ಇದೆಲ್ಲ ಅರ್ಥವಾಗುತ್ತದೆಯೇ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ಹಳಿ ನೂರು ವರ್ಷದ ಮಾತು, ಅಭಿಪ್ರಾಯ ಈ ವಾರದ್ದು. 1881ರಲ್ಲಿ ಕೆಂಗೇರಿಯ ರೈತನನ್ನು ಕೇಳಿದ್ದರೆ ರೈಲಿಗಿಂತ ಕೆರೆ ಏರಿ ಸರಿಮಾಡಿ ಎನ್ನುತ್ತಿದ್ದನೇನೋ. ಆದರೂ ಈಚೆಗೆ ಕೆಂಗೇರಿ ಪ್ಲಾಟ್‌ಫಾರಂನಲ್ಲಿ ನಡೆದ ಒಂದು ಮಾತುಕತೆ ನನ್ನನ್ನು ಬೇರೆ ದಿಕ್ಕಿಗೆ ಎಳೆಯಿತು. ಸಂಜೆಯ ಮೆಮುಗೆ ಕಾಯುತ್ತಿದ್ದ ಹೆಂಗಸೊಬ್ಬರು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಊರು ಮದ್ದೂರಿನ ಹತ್ತಿರ. ಕೈಯಲ್ಲಿ ಊಟದ ಡಬ್ಬಿಯ ಚೀಲ, ಚೀಲದ ಬದಿಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ತಿಂಗಳ ಪಾಸು. ಅಮೃತ ಭಾರತ್ ಯೋಜನೆಯ ಪಟ್ಟಿಯಲ್ಲಿ ಕೆಂಗೇರಿಯೂ ಇದೆ. ‘ಸ್ಟೇಷನ್ ಚೆನ್ನಾಗಿ ಮಾಡ್ತಾರಂತೆ, ಬೇಕಾ ಅಕ್ಕಾ?’ ಎಂದೆ.

‘ಯಾಕೆ ಬೇಡ ಅಣ್ಣಾ, ಮಾಡ್ಲಿ.’

‘ಅದೇ ದುಡ್ಡಲ್ಲಿ ಬೆಳಿಗ್ಗೆ ಇನ್ನೊಂದು ಗಾಡಿ ಬಿಡ್ತೀವಿ ಅಂದ್ರೆ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪ್ರಶ್ನೆಗಳು ಬಂದವು. ‘ಎಷ್ಟೊತ್ತಿಗೆ ಬಿಡ್ತಾರೆ? ಎಂಟೂವರೆಗೆ ನಾವು ಫ್ಯಾಕ್ಟ್ರಿ ಒಳಗಿರಬೇಕು. ಹೊಸ ಗಾಡಿಗೆ ಎಷ್ಟಾಗುತ್ತೆ? ಇರೋ ಗಾಡಿಗೇ ಒಂದು ಲೇಡೀಸ್ ಬೋಗಿ ಸೇರಿಸಿದ್ರೆ ಕಮ್ಮಿ ಆಗಲ್ವಾ?’ ಮತ್ತೆ ತಾವೇ ತಡೆದು, ‘ಲಿಫ್ಟ್ ಮಾತ್ರ ಇರ್ಲಿ ಅಣ್ಣಾ, ವಯಸ್ಸಾದವ್ರು ಮೆಟ್ಲು ಹತ್ತೋಕಾಗಲ್ಲ’ ಎಂದರು.

ಮೆಮುಗೆ ಒಂದೇ ಬೋಗಿ ಸೇರಿಸಲಾಗದು, ಅದು ನಾಲ್ಕು ಬೋಗಿಗಳ ಘಟಕವಾಗಿ ಬೆಳೆಯುತ್ತದೆ ಎಂದು ತಿಳಿಸುವುದು ಎಂಜಿನಿಯರರ ಕೆಲಸ. ಆದರೆ ಸಮಯ, ವೆಚ್ಚ, ಅಗ್ಗದ ಪರ್ಯಾಯ, ತನಗೆ ಬೇಡದಿದ್ದರೂ ಮುದುಕರಿಗೆ ಬೇಕಾದ ಸೌಲಭ್ಯ, ಈ ನಾಲ್ಕನ್ನೂ ಆ ತಾಯಿ ಎರಡು ನಿಮಿಷದಲ್ಲಿ ತೂಗಿದರು. ಮೊದಲ ಪ್ರಶ್ನೆಗೆ ಅವರಿಂದ ಬಂದದ್ದು ಬರೀ ಒಪ್ಪಿಗೆ. ಎರಡನೆಯದಕ್ಕೆ ಬಂದದ್ದು ವಿವೇಚನೆ. ವ್ಯತ್ಯಾಸ ಇದ್ದದ್ದು ಕೇಳಿದ ರೀತಿಯಲ್ಲಿ. ಹಳಿಯ ತಿರುವು ಎಷ್ಟು ಡಿಗ್ರಿ ಇರಬೇಕೆಂದು ಅವರನ್ನು ಕೇಳಬೇಕಾಗಿಲ್ಲ. ಯಾರ ಸಮಯ ಉಳಿಸಲು ಯಾರ ಹಣ ಹಾಕಬೇಕು ಎಂಬ ಪ್ರಶ್ನೆಗೆ ಮಾತ್ರ ಯಾವ ಪದವಿಯೂ ವಿಶೇಷ ಅಧಿಕಾರ ಕೊಡುವುದಿಲ್ಲ. ಅದು ನ್ಯಾಯದ ಪ್ರಶ್ನೆ.

ಇನ್ನೊಂದು ಆಕ್ಷೇಪವನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅಭಿಪ್ರಾಯ ಕೇಳಿದರೆ ಬರುವವರು ಬಿಡುವಿದ್ದವರು, ಇಂಗ್ಲಿಷ್ ಬಲ್ಲವರು, ಇಮೇಲ್ ಬರೆಯುವವರು. ಉಪನಗರ ರೈಲಿನ ಹೋರಾಟದಲ್ಲೂ ಮುಂದೆ ಕಂಡದ್ದು ಹೆಚ್ಚಾಗಿ ನಮ್ಮಂಥ ಮಧ್ಯಮ ವರ್ಗದವರೇ. ಪೀಣ್ಯದ, ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳ ಕೆಲಸಗಾರರ ದನಿ ಅದರಲ್ಲಿ ತೀರ ಕಡಿಮೆ. ಟಿಕೆಟ್ ಲೆಕ್ಕ ನೋಡಿದರೆ ಜನರ ಮನಸ್ಸು ತಿಳಿಯುತ್ತದೆ ಎನ್ನುವುದೂ ಅರೆಸತ್ಯ: ದರ ಹೆಚ್ಚಾಯಿತೆಂದು ಮೆಟ್ರೊ ಬಿಟ್ಟು, ‘ಶಕ್ತಿ’ ಯೋಜನೆಯ ಉಚಿತ ಬಸ್ಸಿಗೆ ಹೋದ ಹೆಣ್ಣುಮಗಳು ಮೆಟ್ರೊ ಲೆಕ್ಕದಲ್ಲಿ ಬರಿಯ ಗೈರುಹಾಜರಿ. ಆಕೆ ಯಾಕೆ ಬಿಟ್ಟಳು ಎಂಬುದು ಗೇಟಿನ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಇದಕ್ಕೆ ಕೇಳುವುದನ್ನೇ ಬಿಡುವುದು ಪರಿಹಾರವಲ್ಲ. ಅವರಿರುವ ಕಡೆಗೆ ಹೋಗಿ ಕೇಳಬೇಕು.

ಬೆಲೆ ಮುಂದಿಟ್ಟು ಕೇಳಿದರೆ ಜನ ಸ್ವಾರ್ಥಿಗಳಾಗುತ್ತಾರೆ ಎಂಬ ಭಯಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಉತ್ತರವಿದೆ. 2014ರ ಫೆಬ್ರುವರಿಯಲ್ಲಿ ಅಲ್ಲಿನ ಮತದಾರರ ಮುಂದೆ ರೈಲ್ವೆಗೆ ಶಾಶ್ವತ ನಿಧಿ ಮಾಡುವ ಪ್ರಸ್ತಾವ ಬಂತು. ಅದರ ಜೊತೆಗೇ, ಕೆಲಸಕ್ಕೆ ಓಡಾಡುವ ವೆಚ್ಚಕ್ಕೆ ಸಿಗುತ್ತಿದ್ದ ತೆರಿಗೆ ವಿನಾಯಿತಿಗೆ ಮಿತಿ ಹಾಕುವ ಷರತ್ತೂ ಇತ್ತು. ಹೊರೆ ತಮ್ಮ ಜೇಬಿನ ಮೇಲೆಂದು ತಿಳಿದೂ ಶೇ 62ರಷ್ಟು ಮಂದಿ ಒಪ್ಪಿದರು. ಅದು ಚಿಕ್ಕ, ಸಿರಿವಂತ ದೇಶ, ನಿಜ. ಆದರೆ ಖರ್ಚು ಮರೆಮಾಚದಿದ್ದಾಗ ಜನ ತಮ್ಮ ತಕ್ಷಣದ ಲಾಭದಾಚೆಗೂ ನೋಡಬಲ್ಲರು ಎಂಬುದಕ್ಕೆ ಸಿರಿತನ ಕಾರಣವಾಗಬೇಕಿಲ್ಲ. ಕೆಂಗೇರಿಯ ಆ ಟೈಲರ್ ಲಿಫ್ಟ್ ಉಳಿಸಿದ್ದೂ ಅದೇ ಗುಣದಿಂದ.

ನಮ್ಮಲ್ಲಿ ಕೇಳುವ ಜಾಗವೇ ಇಲ್ಲವಾಗಿತ್ತು. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ನಗರದಲ್ಲಿ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಮೆಟ್ರೊ ಮೂರನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು, ದರ ಏರಿದ್ದು, ಸುರಂಗ ರಸ್ತೆ ಮುಂದೆ ಬಂದದ್ದು ಎಲ್ಲವೂ ಆ ಶೂನ್ಯದಲ್ಲೇ. ಮೂರನೇ ಹಂತ ಬಹುಪಾಲು ನಮ್ಮದೇ: ಹೊರವರ್ತುಲ ರಸ್ತೆಯ ಪಶ್ಚಿಮ ಭಾಗ, ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆ. 44.65 ಕಿಲೋಮೀಟರ್, 15,611 ಕೋಟಿ. ಎರಡು ಮೆಟ್ರೊ ಮಾರ್ಗಗಳ ನಡುವೆ ಇಷ್ಟು ದಿನ ಬಿಟ್ಟುಹೋಗಿದ್ದ ಬಸವೇಶ್ವರನಗರಕ್ಕೆ ಕೆಎಚ್‌ಬಿ ಕಾಲೊನಿಯಲ್ಲಿ ನಿಲ್ದಾಣ ಬರುತ್ತದೆ, ಅದಕ್ಕೆ ನನ್ನ ಮನಃಪೂರ್ವಕ ಸ್ವಾಗತವಿದೆ. ಅದೇ ಕಂಬಗಳ ಮೇಲೆ ವಾಹನಗಳಿಗೆ ಡಬಲ್ ಡೆಕ್ಕರ್ ರಸ್ತೆಯನ್ನೂ ಸೇರಿಸುವ ತೀರ್ಮಾನಕ್ಕೆ ನನ್ನ ವಿರೋಧವಿದೆ. ಜನರನ್ನು ಕಾರಿನಿಂದ ಇಳಿಸಿ ಗಾಡಿ ಹತ್ತಿಸಲು ಒಂದು ಸಾಲ, ಅದೇ ದಾರಿಯಲ್ಲಿ ಕಾರಿಗೆ ಅನುಕೂಲ ಮಾಡಲು ಇನ್ನೊಂದು ಹೊರೆ. ಎರಡೂ ಒಂದನ್ನೊಂದು ತಿನ್ನುತ್ತವೆ. ನನ್ನ ಎಣಿಕೆ ತಪ್ಪೆಂದು ಪಶ್ಚಿಮದ ಜನ ವಿವರ ನೋಡಿ ತೀರ್ಮಾನಿಸಿದರೆ ಒಪ್ಪುತ್ತೇನೆ.

ಆ ವಿವರ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಮೇಲ್ರಸ್ತೆಯ ವೆಚ್ಚ ಎಷ್ಟು, ಆ ಹಣದಲ್ಲಿ ಎಷ್ಟು ಬಸ್ಸು ಬರುತ್ತದೆ, ಕೆಂಗೇರಿ–ವೈಟ್‌ಫೀಲ್ಡ್ ಮಾರ್ಗ ಎಷ್ಟು ದೂರ ಸಾಗುತ್ತದೆ, ಸಾಲದ ಕಂತು ಯಾವ ವರ್ಷದಿಂದ, ಅದರಿಂದ ಟಿಕೆಟ್ ದರ ಎಷ್ಟಾಗಬಹುದು. ಕನ್ನಡದಲ್ಲಿ ಅಚ್ಚುಹಾಕಿ, ಟೆಂಡರ್ ಕರೆಯುವ ಮುನ್ನ, ಪಶ್ಚಿಮ ನಗರ ಪಾಲಿಕೆಯ ಪ್ರತಿ ವಾರ್ಡಿನಲ್ಲಿ ಸಭೆ ಕರೆಯಬೇಕು. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಯಾರು ಬರುತ್ತಾರೆಂದು ಎಲ್ಲರಿಗೂ ಗೊತ್ತು. ಭಾನುವಾರ ಕರೆಯಲಿ. ಕಾಮಾಕ್ಷಿಪಾಳ್ಯದಲ್ಲೊಂದು, ಕೆಂಗೇರಿ ರೈಲು ನಿಲ್ದಾಣದ ಅಂಗಳದಲ್ಲೊಂದು ಸಂಜೆ ಏಳರ ಮೇಲೆ ನಡೆಯಲಿ. ಜನ ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಯಾಕೆ ಬಿಟ್ಟರು ಎಂಬ ಉತ್ತರ ಸಹಿ ಸಮೇತ ಅದೇ ವಾರ್ಡ್ ಕಚೇರಿಯ ಗೋಡೆಗೆ ಬರಲಿ.