ಹೆಪ್ಪು ಯಾರ ಮನೆಯದು?

ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು ಹಾಲಿಗೆ ಹಾಕಿದರೆ ಮರುದಿನದ ಮೊಸರು ಯಾರದು? ಇಂಥ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹೆಪ್ಪು ಅವರದು, ಹಾಲು ನಮ್ಮದು, ಪಾತ್ರೆ ನಮ್ಮದು, ಒಲೆ ಪಕ್ಕದ ಬಿಸುಪು ನಮ್ಮ ಅಡುಗೆಮನೆಯದು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದರ ರುಚಿ ಅವರ ಮನೆಯ ಮೊಸರಿನಂತೆ ಇರುವುದೂ ಇಲ್ಲ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಎನ್ನುವ ಅಜ್ಜಿಯರು ಕೂಡ ಬೆಳಿಗ್ಗೆ ಹೋದರೆ ಇಲ್ಲವೆನ್ನುವುದಿಲ್ಲ. ಆದರೆ ಕಥೆಯ, ಚಿತ್ರದ ವಿಷಯಕ್ಕೆ ಬಂದಾಗ ಮಾತ್ರ ನಾವೆಲ್ಲ ಇದ್ದಕ್ಕಿದ್ದಂತೆ ಪೊಲೀಸರಾಗಿಬಿಡುತ್ತೇವೆ. "ಇದು ನಿನ್ನ ಸ್ವಂತದ್ದೋ, ಎಲ್ಲಿಂದಲೋ ಎತ್ತಿದ್ದೋ?"

ತರೀಕೆರೆಯಲ್ಲಿರುವ ನನ್ನ ಗೆಳತಿಯ ಮಗಳಿಗೆ ಈ ಪ್ರಶ್ನೆ ಎದುರಾಯಿತು. ಕಾಲೇಜು ಓದುವ ಹುಡುಗಿ. ತ್ರಿವೇಣಿಯವರ 'ಶರಪಂಜರ' ಓದಿದವಳಿಗೆ ಅದರ ಕೊನೆ ಸಹಿಸಲಾಗಲಿಲ್ಲ. ಬಾಣಂತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಗುಣವಾಗಿ ಮನೆಗೆ ಬಂದರೂ ಮನೆ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಈ ಹುಡುಗಿ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಕಾವೇರಿಯನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಕಥೆ ಮುಂದುವರಿಸಿದಳು. ಪುಟದ ಅಂಚಿಗೆಲ್ಲ ಕಾವೇರಿಯ ಚಿತ್ರ. 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಸಿನಿಮಾದ ಕಲ್ಪನಾ, ಅದೇ ಕಣ್ಣು, ಅದೇ ತಲೆಗೂದಲು. ಓದಿದ ಅಧ್ಯಾಪಕರೊಬ್ಬರು ಕೆಂಪು ಶಾಯಿಯಲ್ಲಿ "ಸ್ವಂತದ್ದೇನಾದರೂ ಬರೆ" ಎಂದು ಷರಾ ಬರೆದು ಹಿಂತಿರುಗಿಸಿದರು. ಒಂದು ವರ್ಷ ಅವಳು ಪೆನ್ನು ಮುಟ್ಟಲಿಲ್ಲ, ಪೆನ್ಸಿಲನ್ನೂ ಮುಟ್ಟಲಿಲ್ಲ.

ಎಷ್ಟು ಜನ ಹೆಂಗಸರು ಹೀಗೆ ನಿಲ್ಲಿಸಿರಬಹುದು ಎಂದು ಯೋಚಿಸಿ. ಪತ್ರಿಕೆಯ ಚಿತ್ರವನ್ನು ಕಾರ್ಬನ್ ಕಾಗದ ಇಟ್ಟು ದಿಂಬಿನ ಚೀಲಕ್ಕೆ ಇಳಿಸಿ ಕಸೂತಿ ಹಾಕಿದವರು, ಧಾರಾವಾಹಿಯ ಮುಂದಿನ ಕಂತನ್ನು ವಾರ ಕಾಯದೆ ತಾವೇ ಕಟ್ಟಿ ಪಾತ್ರೆ ತೊಳೆಯುತ್ತ ಗೆಳತಿಗೆ ಹೇಳಿದವರು. ಇವರೆಲ್ಲ ಕಳ್ಳರೆ?

ಹಾಗಾದರೆ ಮೊದಲು ನಮ್ಮ ಜಿಲ್ಲೆಯ ದೊಡ್ಡವರನ್ನೇ ಹಿಡಿಯಬೇಕಾಗುತ್ತದೆ. ಕಡೂರು ತಾಲ್ಲೂಕಿನ ದೇವನೂರಿನವನೆಂದು ನಾವೆಲ್ಲ ಹೆಮ್ಮೆಪಡುವ ಲಕ್ಷ್ಮೀಶನ ಜೈಮಿನಿ ಭಾರತದ ಕಥೆ ಅವನದಲ್ಲ, ಹೆಸರೇ ಹೇಳುವಂತೆ ಸಂಸ್ಕೃತದ ಜೈಮಿನಿಯದು. ಆದರೂ ಗಂಡ ಹೇಳಿದ್ದಕ್ಕೆಲ್ಲ ಉಲ್ಟಾ ಮಾಡುವ ಉದ್ದಾಲಕನ ಹೆಂಡತಿ ಚಂಡಿಯನ್ನು ನೆನೆಸಿಕೊಂಡು ನಮ್ಮಜ್ಜಿಯರು ನಕ್ಕದ್ದು ಲಕ್ಷ್ಮೀಶನ ಕನ್ನಡದಲ್ಲೇ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರ್ತಿ ಮಾಡಿದ. ನಮ್ಮ ಹುಡುಗಿ ಮಾಡಿದ್ದೂ ಜಾತಿಯಲ್ಲಿ ಇದೇ ಕೆಲಸ. ಆದರೆ ತಿಮ್ಮಣ್ಣನ ಹೆಸರು ಎಷ್ಟು ಮನೆಗಳಲ್ಲಿ ಗೊತ್ತು? ಕಥೆ ಮುಂದುವರಿಸಿದರೆ ತಪ್ಪಲ್ಲ, ಆದರೆ ಮುಂದುವರಿಸಿದ ಮಾತ್ರಕ್ಕೆ ಕೈ ನಮ್ಮದಾಗುವುದಿಲ್ಲ ಎನ್ನುವುದೂ ಅಲ್ಲೇ ಕಾಣುತ್ತದೆ.

ತರೀಕೆರೆಯ ಹತ್ತಿರದ ಅಮೃತಾಪುರಕ್ಕೆ ನೀವು ಹೋಗಿರಬಹುದು. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಸ್ಥಾನ. ಅದರ ಹೊರಗೋಡೆಯ ಮೇಲೆ 140 ಶಿಲ್ಪಫಲಕಗಳಿವೆ. ದಕ್ಷಿಣದ ಕಡೆಯ 70ರಲ್ಲಿ ರಾಮಾಯಣ. ವಿಚಿತ್ರವೆಂದರೆ ಕಥೆ ಅಲ್ಲಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಭಕ್ತಿಯಿಂದ ಪ್ರದಕ್ಷಿಣೆ ಹಾಕುವವರು ರಾಮಾಯಣವನ್ನು ಕೊನೆಯಿಂದ ಮೊದಲಿಗೆ ನೋಡಿಕೊಂಡು ಬರಬೇಕು! ಏಕೆ ಹಾಗೆ ಕೆತ್ತಿದರೋ, ಕೆತ್ತಿದವರು ಮಾತ್ರ ನಮಗಾಗಿ ಬದಲಿಸಲಿಲ್ಲ. ಆ ದೇವಸ್ಥಾನದ ಒಳಛಾವಣಿಯಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ತನ್ನ ವೃತ್ತಿಯ ಆರಂಭದ ಕೆಲಸ ಮಾಡಿದನೆಂದು ವಿದ್ವಾಂಸರು ಹೇಳುತ್ತಾರೆ. ಮುಂದೆ ಸೋಮನಾಥಪುರದಲ್ಲೂ ಅವನ ಸಹಿ ಸಿಗುತ್ತದೆ. ವಿಷ್ಣುವಿನ ಯಾವ ಕೈಯಲ್ಲಿ ಶಂಖ, ಯಾವ ಕೈಯಲ್ಲಿ ಚಕ್ರ ಎನ್ನುವುದೆಲ್ಲ ಮೊದಲೇ ಗೊತ್ತುಮಾಡಿದ್ದು. ಆ ಶಿಲ್ಪಿಗೆ ಹೊಸ ದೇವರನ್ನು ಹುಟ್ಟಿಸುವ ಸ್ವಾತಂತ್ರ್ಯವಿರಲಿಲ್ಲ, ಹೊಸ ಕಥೆಯದೂ ಇರಲಿಲ್ಲ. ಆದರೂ ಮೂರ್ತಿಯ ಕೆಳಗೆ ತನ್ನ ಹೆಸರು ಕೆತ್ತುವ ಧೈರ್ಯ ಅವನಿಗೆ ಬಂದಿತು. ಯಾರೂ ಕತ್ತೆತ್ತಿ ನೋಡದ ಛಾವಣಿಯಲ್ಲಿ ಕೆಲಸ ಶುರುಮಾಡಿದವನು ಎಂಬುದು ನನಗೆ ತುಂಬ ಹಿಡಿಸುವ ಸಂಗತಿ.

ಅದೇ ಅಮೃತಾಪುರದ ಶಾಸನದ ಪದ್ಯಗಳನ್ನು ಬರೆದವನು ಜನ್ನ. ಅವನೂ ಸಾಲಗಾರನೇ. 1209ರ ಯಶೋಧರ ಚರಿತೆಯ ಕಥೆಯನ್ನು ವಾದಿರಾಜನ ಸಂಸ್ಕೃತ ಕಾವ್ಯದಿಂದ ತೆಗೆದುಕೊಂಡ. ಜನ್ನನಿಂದ ಗಿರೀಶ ಕಾರ್ನಾಡರು ತೆಗೆದುಕೊಂಡು 'ಹಿಟ್ಟಿನ ಹುಂಜ' ಬರೆದರು. ಕುರೂಪಿ ಮಾವುತನ ಹಾಡಿಗೆ ಸೋತ ರಾಣಿ ಅಮೃತಮತಿ ಒಬ್ಬಳೇ. ಆದರೆ ಇಬ್ಬರೂ ಅವಳನ್ನು ನೋಡಿದ ನೋಟ ಒಂದೇ ಅಲ್ಲ.

ಇಷ್ಟನ್ನೂ ಹುಡುಗಿಗೆ ಹೇಳಿ, "ನೋಡು, ಎತ್ತಿಕೊಳ್ಳುವುದು ತಪ್ಪಲ್ಲ" ಎಂದು ಸಮಾಧಾನ ಮಾಡಿ ಕಳಿಸಿಬಿಡಬಹುದಿತ್ತು. ಆದರೆ ನೋಟ್‌ಬುಕ್ ಓದಿದ ಮೇಲೆ ಹಾಗೆ ಕಳಿಸಲು ಮನಸ್ಸಾಗಲಿಲ್ಲ. ಅವಳ ಕಥೆಯಲ್ಲಿ ಕಾವೇರಿಯ ಗಂಡ ಕಣ್ಣೀರು ಹಾಕಿ ಕ್ಷಮೆ ಕೇಳುತ್ತಾನೆ, ಬೀದಿಯ ಜನರೆಲ್ಲ ಆರತಿ ಎತ್ತುತ್ತಾರೆ. ಭಾಷೆ ಥೇಟು ತ್ರಿವೇಣಿಯವರದೇ. ಅವರ ಅಮ್ಮ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡಳು: "ತ್ರಿವೇಣಿ ಬರೆದ ಹಾಗೇ ಇದೆ ಕಣೇ!" ನನಗೆ ಕೆಂಪು ಶಾಯಿಗಿಂತ ಈ ಮೆಚ್ಚುಗೆಯೇ ಹೆಚ್ಚು ಅಪಾಯದ್ದು ಅನ್ನಿಸಿತು. ಬೈಗುಳ ಒಂದು ವರ್ಷ ನಿಲ್ಲಿಸುತ್ತದೆ, ಇಂಥ ಹೊಗಳಿಕೆ ಜೀವಮಾನವಿಡೀ ಇನ್ನೊಬ್ಬರ ಸೀರೆಯಲ್ಲೇ ಓಡಾಡಿಸುತ್ತದೆ.

ನಾನು ಕೇಳಿದ್ದಿಷ್ಟೆ: "ತ್ರಿವೇಣಿಯವರಿಗೆ ಈ ಸುಖದ ಕೊನೆ ಬರೆಯಲು ಬರುತ್ತಿರಲಿಲ್ಲವೇ?" ಮನಶ್ಶಾಸ್ತ್ರ ಓದಿದವರು, 1963ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಕೊಳ್ಳುವಷ್ಟರಲ್ಲಿ ಇಪ್ಪತ್ತಕ್ಕೆ ಸಮೀಪದಷ್ಟು ಕಾದಂಬರಿ ಬರೆದವರು. ಬೇಕೆಂದೇ ಬರೆಯಲಿಲ್ಲ. ಕಾಯಿಲೆ ವಾಸಿಯಾದರೂ ಜನ ವಾಸಿಯಾಗಿಲ್ಲ ಎನ್ನುವುದು ಅವರ ಕಥೆ. ಅವರ ಕಾವೇರಿಯನ್ನು ಕರೆತಂದು ಪುಕ್ಕಟೆ ಆರತಿ ಎತ್ತಿಸಿದರೆ, ತ್ರಿವೇಣಿಯವರಿಗಾಗುವ ಅನ್ಯಾಯ ಹಾಗಿರಲಿ, ಆಸ್ಪತ್ರೆಯಿಂದ ಬಂದು ನಮ್ಮ ನಮ್ಮ ಬೀದಿಗಳಲ್ಲಿ ತಲೆ ತಗ್ಗಿಸಿ ಬದುಕುತ್ತಿರುವ ಹೆಂಗಸರ ವಿಷಯದಲ್ಲಿ ಸುಳ್ಳು ಹೇಳಿದಂತಾಗುವುದಿಲ್ಲವೇ? ಪಾತ್ರ ಎರವಲು ತಂದವರಿಗೆ ಈ ಜವಾಬ್ದಾರಿ ಇದೆ. ಕಥೆಯ ಒಂದು ಸಂಗತಿ ಬದಲಾಯಿಸು, ಬೇಡವೆಂದವರಾರು? ಆದರೆ ಅದರ ಹಿಂದೆ ಹಿಂದೆಯೇ ಹೋಗು. ಕಾವೇರಿ ಆಸ್ಪತ್ರೆಗೆ ಹೋಗಲಿಲ್ಲ ಎಂದಿಟ್ಟುಕೋ. ನಾಳೆ ಬೆಳಿಗ್ಗೆ ಅವಳು ಏಳುವುದು ಎಲ್ಲಿ? ಅವಳ ಕೈಯಲ್ಲಿ ದುಡ್ಡೆಷ್ಟಿದೆ? ಮಗುವಿನ ಜಡೆ ಹಾಕಲು ಅವಳನ್ನು ಬಿಡುತ್ತಾರೆಯೇ?

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮ ಬೀದಿಲಿ ಒಬ್ರಿದ್ದಾರೆ ಆಂಟಿ" ಎಂದಳು. ಮುಂದೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ತಂದ ಪುಟಗಳಲ್ಲಿ ಆರತಿ ಇರಲಿಲ್ಲ. ಮನೆಗೆ ಬಂದ ನೆಂಟರಿಗೆ ಕಾವೇರಿ ಐದು ಲೋಟ ಕಾಫಿ ತಂದಿಡುತ್ತಾಳೆ. ಒಬ್ಬರಿಗೆ ಈಗ ತಾನೇ ಆಯಿತು, ಇನ್ನೊಬ್ಬರಿಗೆ ಪಿತ್ತ, ಮತ್ತೊಬ್ಬರು ಲೋಟ ಮುಟ್ಟಿ ಬಿಡುತ್ತಾರೆ. ಅವರು ಹೋದ ಮೇಲೆ ಕಾವೇರಿ ಅಡುಗೆಮನೆಯಲ್ಲಿ ನಿಂತು ಹಾಲಿನ ಲೆಕ್ಕ ಹಾಕಿ, ಆರಿದ ಐದೂ ಲೋಟವನ್ನು ಒಂದೊಂದಾಗಿ ತಾನೇ ಕುಡಿಯುತ್ತಾಳೆ. ಅಳುವುದಿಲ್ಲ. ಬರೆದ ಕನ್ನಡ ತರೀಕೆರೆಯದು, ಅವಳ ಅಜ್ಜಿಯ ಬಾಯಿಯದು. ಅಲ್ಲಲ್ಲಿ ವಾಕ್ಯ ಎಡವುತ್ತಿತ್ತು, ಇರಲಿ. ಆ ಐದು ಲೋಟಗಳನ್ನು ಅವಳಿಗೆ ಯಾವ ಕಾದಂಬರಿಯೂ ಕೊಟ್ಟಿರಲಿಲ್ಲ.

ಚಿತ್ರದ ಕಥೆ ಇನ್ನೂ ತಮಾಷೆಯದು. ಆ ವರ್ಷ ಮಳೆ ಬಿಟ್ಟ ಮೇಲೆ ಎರಡೂ ಮನೆಯವರು ಸೇರಿ ಹೆಬ್ಬೆಗೆ ಹೋದೆವು. ಕೆಮ್ಮಣ್ಣುಗುಂಡಿಯ ಕಡೆಯಿಂದ ಕಾಫಿ ತೋಟಗಳ ನಡುವೆ ಜೀಪಿನಲ್ಲಿ ಮೈಯೆಲ್ಲ ನುಗ್ಗಾಗಿ, ಆಮೇಲೆ ಇಂಬಳ ಕೀಳುತ್ತ ನಡೆದು. ನೀರು ಸುಮಾರು 168 ಮೀಟರ್ ಎತ್ತರದಿಂದ ಎರಡು ಹಂತವಾಗಿ ಇಳಿಯುತ್ತದೆ, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು. ಹುಡುಗಿ ಎದುರಿಗೇ ಬಂಡೆಯ ಮೇಲೆ ಕೂತು ಬರೆದದ್ದೇನು? ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ, ಜಡೆ ಬಿಟ್ಟಂತೆ ನೀರು, ಪಕ್ಕದಲ್ಲೊಂದು ತೆಂಗಿನಮರ! "ತೆಂಗಿನಮರ ಎಲ್ಲಿದೆಯಮ್ಮ?" ಎಂದರೆ, ತಲೆಯೆತ್ತಿ ಕಾಡನ್ನೆಲ್ಲ ಹುಡುಕಿ, "ಜಲಪಾತ ಅಂದ್ರೆ ಹಿಂಗೇ ಅಲ್ವಾ ಆಂಟಿ" ಎಂದಳು. ಅವಳ ಕಣ್ಣ ಮುಂದೆ ಹೆಬ್ಬೆ ಇತ್ತು, ಕೈಯಲ್ಲಿ ಕ್ಯಾಲೆಂಡರ್ ಇತ್ತು. ಕೈ ಗೆದ್ದಿತು.

ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರು ಹುಡುಗರಾಗಿದ್ದಾಗ ಇಂಗ್ಲೆಂಡಿನ ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳ ಹುಚ್ಚರಾಗಿದ್ದರು. ಸಹಿಯನ್ನು ಬಹುಕಾಲ 'ಕೌ' ಎಂದೇ ಓದಿಕೊಂಡಿದ್ದರಂತೆ, ಹಸು ಎಂದು! ಆದರೆ ಲೋ ಚಿತ್ರಗಳ ಜೊತೆಗೆ ಅವರು ಮನೆಯಂಗಳದ ಕಾಗೆಯನ್ನೂ ನೋಡುತ್ತಿದ್ದರು, ಜೀವಮಾನವಿಡೀ ನೋಡಿದರು, ಬರೆದರು. ಗುರುವಿನ ಗೆರೆ ಒಂದು ಕಡೆ, ಕಾಗೆ ಇನ್ನೊಂದು ಕಡೆ. ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರತಿಭೆ ಸಾಲದೆಂದು ಸೇರಿಸಿಕೊಳ್ಳದಿದ್ದರೂ ಕಾಗೆ ಅವರನ್ನು ಬಿಡಲಿಲ್ಲ.

ಹುಡುಗಿಗೆ ಹೇಳಿದೆ: ಇಷ್ಟವಾದವರ ಚಿತ್ರ ನಕಲು ಮಾಡು, ಚೆನ್ನಾಗಿಯೇ ಮಾಡು, ಅವರು ಗೆರೆ ಎಲ್ಲಿ ದಪ್ಪ ಮಾಡಿದರು, ಎಲ್ಲಿ ಬಿಟ್ಟುಬಿಟ್ಟರು ಎಂದು ಕೈಗೆ ಗೊತ್ತಾಗಲಿ. ಆಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆ. ಕೊನೆಗೆ ವಸ್ತುವಿನ ಮುಂದೆ ಕೂರು. ಹೆಬ್ಬೆಯಲ್ಲಿ ನೀರನ್ನು ಬರೆಯಲೇಬೇಡ, ಕಲ್ಲು ಬರೆ. ನೆನೆದ ಕಲ್ಲಿನ ಕಪ್ಪು, ಬಿರುಕು, ಅಂಟಿದ ಹಾವಸೆ. ಕಾಗದದ ಬಿಳಿಯನ್ನು ಹಾಗೇ ಬಿಡು, ನೀರು ತಾನಾಗಿ ಬರುತ್ತದೆ.

ಎರಡನೆಯ ಹಾಳೆಯ ಮೇಲೆ ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ಅರ್ಧ ಗಂಟೆಯ ಹೊತ್ತಿಗೆ ಗೊಂದಲದಂತಿದ್ದ ಕಪ್ಪಿನ ನಡುವೆ ಒಂದು ವಕ್ರ ಬಿಳಿ ಪಟ್ಟಿ ಉಳಿಯಿತು. ಮೊಬೈಲಿನಲ್ಲಿ ನಾವೆಲ್ಲ ತೆಗೆದ ಫೋಟೋಗಳಷ್ಟು ಚಂದವಿರಲಿಲ್ಲ. ತೆಂಗಿನಮರವಂತೂ ಇರಲಿಲ್ಲ. ಅವರಮ್ಮ ನೋಡಿ, "ಇದು ಯಾರು ಬರೆದ ಹಾಗೂ ಇಲ್ವಲ್ಲೇ" ಎಂದು ಸ್ವಲ್ಪ ಪೆಚ್ಚಾದಳು.

ಕಥೆಯ ನೋಟ್‌ಬುಕ್ಕಿನ ಮೇಲೆ ಏನು ಬರೆಯಬೇಕೆಂದು ಹುಡುಗಿ ವಾಪಸ್ಸು ಬರುವಾಗ ಜೀಪಿನಲ್ಲಿ ಕೇಳಿದಳು. ಕಾವೇರಿ ಯಾರ ಮಗಳೆಂದು ಮೊದಲು ಬರೆ, ಅದರ ಕೆಳಗೆ ನಿನ್ನ ಹೆಸರು ಬರೆ ಎಂದೆ. ಹೆಬ್ಬೆಯ ಚಿತ್ರಕ್ಕೆ ಮಾತ್ರ ಅವಳು ಯಾರನ್ನೂ ಕೇಳಲಿಲ್ಲ. ಕೆಳಗಿನ ಬಂಡೆಯ ಬಿರುಕಿನಲ್ಲಿ, ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ ಹೆಸರು ಹಾಕಿದ್ದಳು.