ಸಮರಾಭ್ಯಾಸ ಮತ್ತು ಸಿದ್ಧತೆಯ ಹೊಣೆ

ಎರಡು ಅಥವಾ ಹೆಚ್ಚು ದೇಶಗಳ ಸೇನೆಗಳು, ಇಲ್ಲವೇ ಒಂದೇ ದೇಶದ ಭೂಸೇನೆ, ನೌಕಾಪಡೆ, ವಾಯುಪಡೆಗಳು ಕಲ್ಪಿತ ಯುದ್ಧವೊಂದನ್ನು ಒಟ್ಟಾಗಿ ನಡೆಸಿ ನೋಡುವುದಕ್ಕೆ ಜಂಟಿ ಸಮರಾಭ್ಯಾಸ ಎನ್ನುತ್ತಾರೆ. 2022ರ ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಭಾರತ ಮತ್ತು ಜಪಾನಿನ ಸೈನಿಕರು ಬೆಳಗಾವಿಯಲ್ಲಿ ನಡೆಸಿದ ‘ಧರ್ಮ ಗಾರ್ಡಿಯನ್’ ಇಂಥದ್ದೊಂದು ಅಭ್ಯಾಸ. ಪತ್ರಿಕೆಗಳ ಚಿತ್ರಗಳಲ್ಲಿ ಕಾಣುವವರು ಸೈನಿಕರು. ತಿಂಗಳುಗಟ್ಟಲೆ ಮೊದಲೇ ಅದರ ಕಾಗದಪತ್ರ ಹಿಡಿದು ಕೂತವರು ಯೋಜನಾ ವಿಶ್ಲೇಷಕರು. ಅವರಲ್ಲಿ ಸಮವಸ್ತ್ರದವರೂ ಉಂಟು, ನಾಗರಿಕ ನೌಕರರೂ ಉಂಟು. ಇಲ್ಲದ ದೇಶಕ್ಕೊಂದು ಹೆಸರಿಟ್ಟು ಗಡಿ ಎಳೆಯುವುದು, ಜಗಳಕ್ಕೆ ಕಾರಣ ಹೊಸೆಯುವುದು, ಯಾವ ದಿನ ಎಷ್ಟು ಗಂಟೆಗೆ ಯಾವ ತುಕಡಿಗೆ ಯಾವ ಸುದ್ದಿ ಮುಟ್ಟಬೇಕೆಂಬ ಘಟನಾಪಟ್ಟಿ ಬರೆಯುವುದು, ರೇಡಿಯೊ ತರಂಗಾಂತರದಿಂದ ಹಿಡಿದು ಇಂಧನ, ಆಂಬ್ಯುಲೆನ್ಸ್‌ವರೆಗೆ ಎಲ್ಲವನ್ನೂ ಹೊಂದಿಸುವುದು ಅವರ ಕೆಲಸ.

ಈ ಕೆಲಸದಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಕೊಲ್ಲಬೇಕಾಗಿ ಬಂದಾಗ ಕೈ ತಡವರಿಸದಿರಲೆಂದೇ ಅದಷ್ಟೂ ನಡೆಯುತ್ತದೆ. ಅದಕ್ಕೆ ಹಿಂಸೆಯ ಹೊಣೆ ಅಂಟುತ್ತದೆಯೇ? ಅಗಸ್ಟೀನ್, ಅಕ್ವಿನಾಸ್ ಅವರಿಂದ ಬೆಳೆದ ಕ್ರೈಸ್ತ ಯುದ್ಧನೀತಿ ಮುಖ್ಯವಾಗಿ ಎರಡು ವಿಷಯಗಳನ್ನು ವಿಚಾರಿಸುತ್ತದೆ: ಯುದ್ಧಕ್ಕೆ ಇಳಿಯುವುದು ಯಾವಾಗ ನ್ಯಾಯ, ಇಳಿದ ಮೇಲೆ ಹೋರಾಡುವ ರೀತಿ ಯಾವುದು ನ್ಯಾಯ. ಯುದ್ಧವಿಲ್ಲದ ದಿನಗಳ ತಯಾರಿಗೆ ಅಲ್ಲಿ ಸಿಕ್ಕಿರುವ ಜಾಗ ಚಿಕ್ಕದು. ಬೌದ್ಧರ ಉತ್ತರ ನೇರವಾದದ್ದು. ಕರ್ಮವನ್ನು ನಿರ್ಧರಿಸುವುದು ಚೇತನೆ, ಅಂದರೆ ಮನಸ್ಸಿನ ಸಂಕಲ್ಪ. ಉಪಾಸಕನಾದವನು, ಅಂದರೆ ಬುದ್ಧನನ್ನು ಅನುಸರಿಸುವ ಗೃಹಸ್ಥನು, ಬಿಡಬೇಕಾದ ಐದು ವ್ಯಾಪಾರಗಳಲ್ಲಿ ಶಸ್ತ್ರವ್ಯಾಪಾರವೂ ಒಂದು. ತಯಾರಿಯ ದಾರಿಯನ್ನೇ ತುಳಿಯಬೇಡ ಎಂಬುದು ಅದರ ಧ್ವನಿ.

ಸಿದ್ಧತೆ ಎಂಬ ಹಂತವನ್ನೇ ಬಿಡಿಸಿ ಪರೀಕ್ಷಿಸಿದ್ದು ಜೈನ ಶಾಸ್ತ್ರ. ಅದರ ಮೂಲಗ್ರಂಥಗಳಲ್ಲೊಂದಾದ ತತ್ತ್ವಾರ್ಥಸೂತ್ರ ಕರ್ಮದ ಆಸ್ರವವನ್ನು, ಅಂದರೆ ಕರ್ಮ ಜೀವದೊಳಕ್ಕೆ ಹರಿದುಬರುವುದನ್ನು, ವಿವರಿಸುವಾಗ ಒಂದು ಕ್ರಿಯೆಗೆ ಮೂರು ಮೆಟ್ಟಿಲುಗಳನ್ನು ಗುರುತಿಸುತ್ತದೆ. ಮಾಡಬೇಕೆಂದು ಮನಸ್ಸು ಮುಂದಾಗುವುದು ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಜೋಡಿಸಿಕೊಳ್ಳುವುದು ಸಮಾರಂಭ, ಕೈಹಾಕುವುದು ಆರಂಭ. ಈ ಮೂರೂ ಮನಸ್ಸು, ಮಾತು, ದೇಹಗಳಿಂದ ನಡೆಯಬಹುದು. ತಾನೇ ಮಾಡಬಹುದು, ಮಾಡಿಸಬಹುದು, ಮಾಡಿದ್ದನ್ನು ಒಪ್ಪಬಹುದು. ಕ್ರೋಧ, ಮಾನ, ಮಾಯೆ, ಲೋಭಗಳಲ್ಲಿ ಯಾವುದಾದರೂ ಅದರ ಬೆನ್ನಿಗಿರಬಹುದು. ಗುಣಿಸಿದರೆ 108 ಬಗೆ. ಈ ಲೆಕ್ಕದಲ್ಲಿ ‘ನಾನು ಬರೀ ಪಟ್ಟಿ ಬರೆದೆ’ ಎಂಬ ಮಾತಿಗೆ ಆಸರೆ ಸಿಗುವುದಿಲ್ಲ. ಗುಂಡು ಹಾರಿಸದ ವಿಶ್ಲೇಷಕನೂ ಸಾಧನ ಜೋಡಿಸುವ ಮೆಟ್ಟಿಲಲ್ಲಿ, ಮಾಡಿಸುವವರ ಮತ್ತು ಒಪ್ಪುವವರ ಸಾಲಿನಲ್ಲಿ ನಿಂತಿರುತ್ತಾನೆ.

ಹಾಗೆಂದು ಜೈನ ಧರ್ಮ ಯೋಧನನ್ನು ಹೊರಗಿಡಲಿಲ್ಲ. ಗೃಹಸ್ಥನ ಹಿಂಸೆಯನ್ನು ಅವನ ನಡತೆಯ ನಿಯಮಾವಳಿಯಾದ ಶ್ರಾವಕಾಚಾರ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಬೇಕೆಂದೇ ಮಾಡುವ ಮೊದಲನೆಯದನ್ನು ಅವನು ಪೂರ್ತಿ ಬಿಡಬೇಕು. ಮನೆವಾರ್ತೆಯಲ್ಲಿ, ಕಸುಬಿನಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಉಳಿದವನ್ನು ಆದಷ್ಟೂ ಕಡಿಮೆ ಮಾಡಬೇಕು. ಕನ್ನಡನಾಡಿಗೆ ಇದು ಪುಸ್ತಕದ ಮಾತಷ್ಟೇ ಆಗಿರಲಿಲ್ಲ. ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯ ಸಮರಧುರಂಧರನೆಂದು ಹೆಸರಾದವನು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದವನೂ ಅವನೇ, ‘ಚಾರಿತ್ರಸಾರ’ವೆಂಬ ಆಚಾರಗ್ರಂಥ ಬರೆದವನೂ ಅವನೇ. ದಂಡು ಸಜ್ಜುಗೊಳಿಸುವ ಕೆಲಸ ಬಲ್ಲ ಒಬ್ಬ ಮನುಷ್ಯ ಅದರ ನೀತಿಯನ್ನೂ ಹೊತ್ತು ನಡೆಯಬಹುದೆಂದು ಆ ಕಾಲ ನಂಬಿತ್ತು. ಅದು ಸುಳ್ಳು ನಂಬಿಕೆಯಲ್ಲ, ಆದರೆ ಸುಲಭದ್ದೂ ಅಲ್ಲ.

ಅದರ ಕಷ್ಟ ತಿಳಿಯುವುದು ಪ್ರಮಾದದ, ಅಂದರೆ ಎಚ್ಚರಗೇಡಿತನದ, ವಿಚಾರಕ್ಕೆ ಬಂದಾಗ. ತತ್ತ್ವಾರ್ಥಸೂತ್ರ ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹಾನಿಯ ಜೊತೆಗೇ ಎಚ್ಚರಗೇಡಿತನವನ್ನು ಸೇರಿಸುತ್ತದೆ. ನೋಡಿ ನಡೆಯುವ ಯತಿಯ ಕಾಲಡಿಗೆ ಹುಳ ಸಿಕ್ಕಿ ಸತ್ತರೂ ಅವನಿಗೆ ಕರ್ಮಬಂಧವಿಲ್ಲ, ನೋಡದೆ ನಡೆಯುವವನಿಗೆ ಜೀವಿ ಸಾಯಲಿ ಬಿಡಲಿ ಹಿಂಸೆ ತಪ್ಪಿದ್ದಲ್ಲ ಎಂದು ಪರಂಪರೆ ಬಿಡಿಸಿ ಹೇಳುತ್ತದೆ. ಸಮರಾಭ್ಯಾಸದ ಇತಿಹಾಸದಲ್ಲಿ ಇದಕ್ಕೆ ‘ಎಕ್ಸರ್‌ಸೈಜ್ ಟೈಗರ್’ನಷ್ಟು ನೇರವಾದ ನಿದರ್ಶನ ಬೇರೆ ಸಿಗುವುದು ಕಷ್ಟ. ನಾರ್ಮಂಡಿ ದಾಳಿಗೆ ತಾಲೀಮಾಗಿ 1944ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸ್ಲಾಪ್ಟನ್ ತೀರದಲ್ಲಿ ಅದು ನಡೆಯಿತು. 28ರ ನಸುಕಿನಲ್ಲಿ ಸೈನಿಕರನ್ನು ತುಂಬಿಕೊಂಡು ಬರುತ್ತಿದ್ದ ಹಡಗುಗಳ ಸಾಲಿನ ಮೇಲೆ ಜರ್ಮನಿಯ ವೇಗದ ಟಾರ್ಪೆಡೊ ದೋಣಿಗಳು ಎರಗಿದವು. ಬೆಂಗಾವಲಿಗೆ ಬರಬೇಕಿದ್ದ ಎರಡು ನೌಕೆಗಳಲ್ಲಿ ಒಂದು ಡಿಕ್ಕಿಯಾಗಿ ದುರಸ್ತಿಗೆ ಹೋಗಿತ್ತು, ಬದಲಿ ಬಂದಿರಲಿಲ್ಲ. ಆದೇಶಪತ್ರದ ಟೈಪಿಂಗ್ ತಪ್ಪಿನಿಂದ ಸಾಗಣೆ ಹಡಗುಗಳು ಒಂದು ರೇಡಿಯೊ ತರಂಗಾಂತರದಲ್ಲೂ ಬ್ರಿಟಿಷ್ ನೌಕಾಪಡೆಯ ಕಚೇರಿ ಇನ್ನೊಂದರಲ್ಲೂ ಇದ್ದವು, ಎಚ್ಚರಿಕೆ ಮುಟ್ಟಲಿಲ್ಲ. ನೀರಿಗೆ ಬಿದ್ದ ಹಲವರು ಗಾಳಿ ತುಂಬುವ ಜೀವರಕ್ಷಕ ಪಟ್ಟಿಯನ್ನು ಕಂಕುಳಿಗೆ ಕಟ್ಟದೆ ಸೊಂಟಕ್ಕೆ ಕಟ್ಟಿದ್ದರು. ಬೆನ್ನ ಹೊರೆಯ ಭಾರಕ್ಕೆ ತಲೆ ಕೆಳಗಾಗಿ ಮುಳುಗಿದರು. ಸಾಮಾನ್ಯವಾಗಿ ಒಪ್ಪಿರುವ ಲೆಕ್ಕದಂತೆ ಸತ್ತವರು 749 ಅಮೆರಿಕನ್ನರು.

ದಾಳಿ ಮಾಡಿದ್ದು ಶತ್ರು, ಆ ಸೈನಿಕರ ಸಾವನ್ನು ಅಷ್ಟು ಸುಲಭವಾಗಿಸಿದ್ದು ಕಾಗದದ ಮೇಲಿನ ತಪ್ಪು ಅಂಕಿ ಮತ್ತು ಯಾರೂ ಸರಿಯಾಗಿ ಹೇಳಿಕೊಡದ ಜೀವರಕ್ಷಕ ಪಟ್ಟಿಯ ಬಳಕೆ. ಆ ಅಂಕಿ ತಪ್ಪಾಗಿದ್ದೂ ಜರ್ಮನ್ ದೋಣಿಗಳು ಬಾರದೇ ಹೋಗಿದ್ದರೆ ಎಲ್ಲರೂ ಬದುಕುತ್ತಿದ್ದರು, ತಪ್ಪು ಮಾತ್ರ ಅಷ್ಟೇ ದೊಡ್ಡದಾಗಿರುತ್ತಿತ್ತು. ಜೈನ ವಾದ ಇಲ್ಲಿ ಕಠಿಣ, ಮತ್ತು ಸರಿ. ವಿಶ್ಲೇಷಕನಿಗೆ ತಾನು ಬರೆದ ಪಟ್ಟಿಯನ್ನು ಮತ್ತೊಮ್ಮೆ ತಾಳೆ ನೋಡುವುದು ಅಹಿಂಸೆಯ ಆಚರಣೆಯೇ. ಇಂಥದ್ದೇ ಎಚ್ಚರಕ್ಕಾಗಿ ಬ್ರಿಟಿಷ್ ಸೇನೆಯಲ್ಲೂ ಅದರ ಪದ್ಧತಿ ಹಿಡಿದ ಕೆಲವು ಸೇನೆಗಳಲ್ಲೂ ಅಭ್ಯಾಸದ ನಡುವೆ ನಿಜವಾಗಿ ಯಾರಿಗಾದರೂ ಗಾಯವಾದರೆ ರೇಡಿಯೊದಲ್ಲಿ ‘ನೋ ಡಫ್’ ಎಂದು ಮೊದಲು ಹೇಳುವ ಕಟ್ಟಳೆಯಿದೆ. ಕಲ್ಪಿತ ಗಾಯಾಳುಗಳ ಗದ್ದಲದಲ್ಲಿ ನಿಜದ ಗಾಯಾಳು ಕಳೆದುಹೋಗದಿರಲೆಂದು.

ಸಂಕಲ್ಪ ಶುದ್ಧವಾಗಿದ್ದು ಎಚ್ಚರವೂ ಇದ್ದರೆ ಸಾಕೇ? ಸಮರಾಭ್ಯಾಸ ಗಡಿಯಾಚೆಗೂ ಕಾಣುತ್ತದೆ, ಮತ್ತು ಅಲ್ಲಿ ಕಾಣುವುದು ಟ್ಯಾಂಕುಗಳು, ಸಂಕಲ್ಪವಲ್ಲ. 1986–87ರಲ್ಲಿ ಭಾರತದ ಭೂಸೇನಾ ಮುಖ್ಯಸ್ಥರಾಗಿದ್ದ ಜನರಲ್ ಕೆ. ಸುಂದರ್‌ಜಿ ಅವರ ಕಾಲದಲ್ಲಿ ರಾಜಸ್ಥಾನದಲ್ಲಿ ನಡೆದ ‘ಬ್ರಾಸ್‌ಟ್ಯಾಕ್ಸ್’ ಪಾಕಿಸ್ತಾನಕ್ಕೆ ದಾಳಿಯ ಸಿದ್ಧತೆಯಂತೆ ಕಂಡಿತು. ಪಾಕಿಸ್ತಾನ ತನ್ನ ಮೀಸಲು ಪಡೆಗಳನ್ನು ಸರಿಸಿತು, ಭಾರತಕ್ಕೆ ಆ ಸರಿದಾಟವೇ ಅಪಾಯವಾಗಿ ಕಂಡಿತು. 1987ರ ಫೆಬ್ರುವರಿಯಲ್ಲಿ ಮಾತುಕತೆಯಿಂದ ಬಿಗುವು ಸಡಿಲವಾಯಿತು. 1983ರ ನವೆಂಬರ್‌ನ ನ್ಯಾಟೋ ಅಭ್ಯಾಸ ‘ಏಬಲ್ ಆರ್ಚರ್’ ಕೂಡ ಸೋವಿಯತ್ ಪಾಳೆಯದಲ್ಲಿ ಕಳವಳ ಎಬ್ಬಿಸಿತ್ತು. ಅಪಾಯ ಎಷ್ಟಿತ್ತೆಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಇಂಥ ಸಂದರ್ಭದಲ್ಲಿ ‘ನಮ್ಮ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ’ ಎಂಬುದು ಒಳಗಿನವರಿಗೆ ಸಾಕಾಗಬಹುದು, ನೆರೆಯವನ ಭಯಕ್ಕೆ ಅದು ಉತ್ತರವಲ್ಲ. ಸಂಕಲ್ಪಪ್ರಧಾನವಾದ ನೀತಿ ಇಲ್ಲಿ ತನ್ನ ಎಲ್ಲೆ ಮುಟ್ಟುತ್ತದೆ. ಇನ್ನೊಬ್ಬನಿಗೆ ತಾನು ಹೇಗೆ ಕಾಣುತ್ತೇನೆಂಬುದೂ ಕ್ರಿಯೆಯ ಭಾಗವೆಂದು ಒಪ್ಪಬೇಕಾಗುತ್ತದೆ. 1991ರ ಏಪ್ರಿಲ್‌ನಲ್ಲಿ ಭಾರತ ಮತ್ತು ಪಾಕಿಸ್ತಾನ ಸಹಿ ಹಾಕಿದ ಒಪ್ಪಂದ ಈ ತಿಳಿವಳಿಕೆಯ ಫಲ. ದೊಡ್ಡ ಅಭ್ಯಾಸಗಳ ಸುದ್ದಿಯನ್ನು ಮುಂಚಿತವಾಗಿ ಕೊಡಬೇಕು, ಅಭ್ಯಾಸನಿರತ ಮುಖ್ಯ ಪಡೆಯ ದಿಕ್ಕು ಎದುರು ದೇಶದ ಕಡೆಗೆ ಇರಬಾರದು ಎಂದು ಅದು ಹೇಳುತ್ತದೆ. ಇಂಥದ್ದೇ ಒಡಂಬಡಿಕೆಯಾದ ಯುರೋಪಿನ ವಿಯೆನ್ನಾ ದಸ್ತಾವೇಜಿನಲ್ಲಿ ಮುನ್ಸೂಚನೆಯ ಅವಧಿ ಕನಿಷ್ಠ 42 ದಿನ.

ಅಭ್ಯಾಸದ ಒಳಗಿನ ಸತ್ಯಕ್ಕೂ ಇಷ್ಟೇ ಬೆಲೆಯಿದೆ. ಸುಮಾರು 25 ಕೋಟಿ ಡಾಲರ್ ವೆಚ್ಚದಲ್ಲಿ 2002ರಲ್ಲಿ ಅಮೆರಿಕ ನಡೆಸಿದ ‘ಮಿಲೆನಿಯಂ ಚಾಲೆಂಜ್’ನಲ್ಲಿ ಎದುರಾಳಿಯ ಪಾತ್ರ ವಹಿಸಿದ್ದ ನಿವೃತ್ತ ಜನರಲ್ ಪಾಲ್ ವ್ಯಾನ್ ರೈಪರ್ ಸಂದೇಶಗಳನ್ನು ಮೋಟಾರ್‌ಸೈಕಲ್ ಸವಾರರ ಕೈಲಿ ಕಳಿಸಿ, ಹಠಾತ್ತನೆ ಕ್ಷಿಪಣಿಗಳ ಮಳೆಗರೆದು, ಹದಿನಾರು ನೌಕೆಗಳನ್ನು ‘ಮುಳುಗಿಸಿದರು’. ನಿಯಂತ್ರಕರು ನೌಕೆಗಳನ್ನು ಮತ್ತೆ ತೇಲಿಸಿ, ಅವರ ಕೈಕಟ್ಟಿ ಆಟ ಮುಂದುವರಿಸಿದರು. ವ್ಯಾನ್ ರೈಪರ್ ಆ ಪಾತ್ರದಿಂದ ಹಿಂದೆ ಸರಿದರು. ಇಷ್ಟೊಂದು ಪಡೆಗಳನ್ನು ಕಲೆಹಾಕಿ ಮೊದಲ ದಿನಗಳಲ್ಲೇ ಅಭ್ಯಾಸ ನಿಲ್ಲಿಸಲಾಗದೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಮುಗಿದ ಮೇಲಿನ ವರದಿಯಲ್ಲಿ ಸೋಲು ಸೋಲಾಗಿಯೇ ಉಳಿಯಬೇಕು. ಗೆಲ್ಲುವಂತೆ ಬರೆದ ಕಥೆಯನ್ನು ನಂಬಿ ನಾಳೆ ನಿಜದ ನೀರಿಗೆ ಇಳಿಯುವವರು ಬೇರೆಯವರು.

ಎಲ್ಲಕ್ಕಿಂತ ಕಠಿಣವಾದದ್ದು ಅಭ್ಯಾಸವೇ ಮುಸುಕಾದಾಗಿನ ಪ್ರಶ್ನೆ. 1973ರ ಅಕ್ಟೋಬರ್‌ನಲ್ಲಿ ಈಜಿಪ್ಟ್ ಸೂಯೆಜ್ ಕಾಲುವೆ ದಾಟಿದ್ದು ಅಭ್ಯಾಸದ ಮರೆಯಲ್ಲಿ. ತಾವು ಹೊರಟಿರುವುದು ಯುದ್ಧಕ್ಕೆಂದು ಅದರ ಬಹುಪಾಲು ಸೈನಿಕರಿಗೆ ಕೊನೆಯ ಗಳಿಗೆಯವರೆಗೂ ತಿಳಿದಿರಲಿಲ್ಲ. 2022ರ ಫೆಬ್ರುವರಿಯಲ್ಲಿ ರಷ್ಯಾ ಬೆಲರೂಸಿನಲ್ಲಿ ನಡೆಸಿದ ಜಂಟಿ ಅಭ್ಯಾಸ ಉಕ್ರೇನ್ ಮೇಲಿನ ದಾಳಿಯಾಗಿ ಮುಂದುವರಿಯಿತು. ಏನೂ ತಿಳಿಯದೆ ಹೊರಟ ಸೈನಿಕನಲ್ಲಿ ಸಂಕಲ್ಪವಿಲ್ಲ, ಒಪ್ಪಿಗೆಯೂ ಇಲ್ಲ. ಯೋಜಕನ ಸ್ಥಿತಿ ಹಾಗಲ್ಲ. ತಾಲೀಮಿಗೆ ಎಷ್ಟು ಇಂಧನ, ಎಷ್ಟು ಮದ್ದುಗುಂಡು, ಎಷ್ಟು ಔಷಧ ಬೇಕೆಂಬುದು ಅವನಿಗೆ ಬಾಯಿಪಾಠ. ದಾಳಿಗೆ ಕೆಲವು ವಾರ ಮೊದಲು, ರಷ್ಯಾದ ಪಡೆಗಳು ಗಡಿಯ ಬಳಿ ಗಾಯಾಳುಗಳಿಗೆಂದು ರಕ್ತದ ದಾಸ್ತಾನನ್ನೂ ಸೇರಿಸುತ್ತಿವೆ ಎಂದು ಅಮೆರಿಕದ ಅಧಿಕಾರಿಗಳು ಹೇಳಿದ್ದರು. ಅಂಥ ಪಟ್ಟಿ ಮುಂದಿದ್ದೂ ಕೇಳದೆ ಸಹಿ ಹಾಕಿದವನಿಗೆ ಅಜ್ಞಾನ ರಕ್ಷಣೆಯಾಗದು. ಕೇಳಬೇಕಾದ್ದನ್ನು ಕೇಳದಿರುವುದೂ ಎಚ್ಚರಗೇಡಿತನವೇ, ಪ್ರಮಾದವೇ. ತಿಳಿದೂ ಸಹಿ ಹಾಕಿದ್ದರೆ ಅದು ಅನುಮೋದನೆ, ಮತ್ತು ಹಿಂಸೆಯಲ್ಲಿ ಅವನ ಪಾಲು ಮುನ್ನುಗ್ಗಿದವನ ಪಾಲಿಗಿಂತ ಕಡಿಮೆಯದಲ್ಲ.