ಚಿಹ್ನೆಗೆ ಕಾವಲುಂಟು, ನಡತೆಗೆ?

(ಆರ್.ಟಿ. ನಗರದ ಒಂದು ಮನೆ. ಯಲಹಂಕದ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಹೈಕೋರ್ಟಿನಲ್ಲಿ ವಕೀಲಿಕೆ ಮಾಡುವ ಅವರ ಹಳೆಯ ವಿದ್ಯಾರ್ಥಿನಿ.)

ವಕೀಲೆ: ಪಕ್ಷ ನೋಡಬೇಡಿ, ಮನುಷ್ಯನನ್ನು ನೋಡಿ ಅಂತೀರಿ ಮೇಷ್ಟ್ರೇ. ನನಗದು ಒಪ್ಪಿಗೆಯಿಲ್ಲ. ಅಭ್ಯರ್ಥಿಯ ಮನಸ್ಸು ಯಾರ ಕಣ್ಣಿಗೆ ಕಾಣುತ್ತೆ? ಮತಗಟ್ಟೆಯಲ್ಲಿ ಕಾಣುವುದು ಚಿಹ್ನೆ. ಯಶವಂತಪುರ ಕ್ಷೇತ್ರವನ್ನೇ ತಗೊಳ್ಳಿ. ಎಸ್.ಟಿ. ಸೋಮಶೇಖರ್ 2013, 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2019ರಲ್ಲಿ ರಾಜೀನಾಮೆ ಕೊಟ್ಟು, ಅನರ್ಹರಾಗಿ, ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಮಂತ್ರಿಯಾದರು. 2023ರಲ್ಲೂ ಬಿಜೆಪಿಯಿಂದಲೇ ಗೆದ್ದರು. ಮರುವರ್ಷ ರಾಜ್ಯಸಭಾ ಚುನಾವಣೆಯಲ್ಲಿ ಅಡ್ಡಮತ ಹಾಕಿದರು. 2025ರ ಮೇನಲ್ಲಿ ಪಕ್ಷ ಅವರನ್ನು ಆರು ವರ್ಷಕ್ಕೆ ಉಚ್ಚಾಟಿಸಿತು. ಕಮಲ ನೋಡಿ ಗುಂಡಿ ಒತ್ತಿದವನಿಗೆ ಉತ್ತರ ಕೊಡೋರು ಯಾರು?

ಮೇಷ್ಟ್ರು: ಆ ಕ್ಷೇತ್ರದ ಜನ ಎರಡೂ ಚಿಹ್ನೆಯಲ್ಲಿ ಅದೇ ವ್ಯಕ್ತಿಯನ್ನು ಗೆಲ್ಲಿಸಿದರಲ್ಲಮ್ಮ. ಚಿಹ್ನೆಯೇ ಸರ್ವಸ್ವ ಆಗಿದ್ದರೆ 2019ರಲ್ಲೇ ಸೋಲಿಸಬೇಕಿತ್ತು.

ವಕೀಲೆ: ಗೆದ್ದ ಮಾತ್ರಕ್ಕೆ ಮಾಡಿದ್ದೆಲ್ಲ ಸರಿ ಅಂತ ಜನ ಬರೆದುಕೊಟ್ಟ ಹಾಗಲ್ಲ. ಕಣದಲ್ಲಿದ್ದವರ ಪೈಕಿ ಇವರು ವಾಸಿ ಅಂದರು, ಅಷ್ಟೇ.

ಮೇಷ್ಟ್ರು: ಆ ಮಾತು ಒಪ್ಪಿದೆ. ಪಕ್ಷ ಬಿಟ್ಟವರನ್ನು ಹೊಗಳುವುದು ನನ್ನ ಉದ್ದೇಶವೂ ಅಲ್ಲ. ನನ್ನ ತಕರಾರು ಬೇರೆ. ಒಬ್ಬ ಶಾಸಕನಿಗೆ ನಾವು ‘ಉಗ್ರ’ ಅಂತಲೋ ‘ಸೌಮ್ಯ’ ಅಂತಲೋ ಹಣೆಪಟ್ಟಿ ಹಚ್ಚುತ್ತೇವೆ. ಹಚ್ಚಿದ ಮೇಲೆ ಅವನು ಏನು ಮಾಡಿದ ಅಂತ ನೋಡುವುದನ್ನೇ ಬಿಡುತ್ತೇವೆ. ನಿಮ್ಮ ಈ ಆರ್.ಟಿ. ನಗರದಲ್ಲೇ ಮುಖ್ಯಮಂತ್ರಿಗಳ ಮನೆಯಿತ್ತು. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಆ ಸ್ಥಾನಕ್ಕೆ ಬಂದಾಗ ಎಷ್ಟು ಜನ ಸಮಾಧಾನಪಟ್ಟರು ಗೊತ್ತಾ? ಜನತಾ ಪರಿವಾರದಿಂದ ಬಂದವರು, ತಂದೆ ಎಸ್.ಆರ್. ಬೊಮ್ಮಾಯಿ ಎಂ.ಎನ್. ರಾಯ್ ವಿಚಾರಗಳನ್ನು ಒಪ್ಪಿದ್ದವರು, ಹಾಗಾಗಿ ಇವರು ಪಕ್ಷದ ಸೌಮ್ಯ ಮುಖ ಅಂದರು. ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಅನೈತಿಕ ಪೊಲೀಸ್‌ಗಿರಿ ಬಗ್ಗೆ ಪತ್ರಕರ್ತರು ಕೇಳಿದರು. ಭಾವನೆಗೆ ಧಕ್ಕೆಯಾದರೆ ಕ್ರಿಯೆಗೆ ಪ್ರತಿಕ್ರಿಯೆ ಇದ್ದೇ ಇರುತ್ತೆ ಎಂಬರ್ಥದ ಉತ್ತರ ಬಂತು. ದನಿ ಏರಲಿಲ್ಲ, ಮಾತು ಒರಟಾಗಲಿಲ್ಲ. ಆದರೆ ಬೀದಿಯಲ್ಲಿ ಏಟು ತಿಂದ ಹುಡುಗ ಹುಡುಗಿಗೆ ಮೃದು ದನಿಯಿಂದ ಏನಾಗಬೇಕು? ಹೊಡೆದವರನ್ನು ಬಿಡಲ್ಲ ಅನ್ನೋ ಒಂದು ನೇರ ಮಾತು ಬೇಕಿತ್ತು.

ವಕೀಲೆ: ಆ ಸ್ಥಾನದಲ್ಲಿದ್ದವರ ಕಷ್ಟವನ್ನೂ ನೋಡಬೇಕು. ಸೌಮ್ಯರಾದವರು ಪಕ್ಷದೊಳಗೆ ಉಳಿದರೆ ತಾನೇ ಏನನ್ನಾದರೂ ತಡೆಯಲಾಗುವುದು? 1985ರಲ್ಲಿ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಸೇರಿದ ಮೇಲೆ, ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಬಾಯಿ ಬಿಡುವುದು ಸುಲಭವಲ್ಲ.

ಮೇಷ್ಟ್ರು: ವಿಪ್ ಮತವನ್ನು ಕಟ್ಟುತ್ತೆ, ಬಾಯನ್ನು ಕಟ್ಟಲ್ಲ. ಮುಖ್ಯಮಂತ್ರಿಗೆ ವಿಪ್ ಕೊಡೋರು ಯಾರಮ್ಮ? ಒಳಗಿದ್ದು ತಡೆಯುತ್ತೇನೆ ಅನ್ನುವವನು ಏನನ್ನು ತಡೆದ ಅಂತ ಎಂದಾದರೂ ಒಂದು ದಿನ ಕಾಣಬೇಕು. ಬಿಜೆಪಿಯೊಂದನ್ನೇ ಹೇಳುತ್ತಿಲ್ಲ. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿ ಧರ್ಮೇಗೌಡರನ್ನು ಪೀಠದಿಂದ ಎಳೆದವರು ಕಾಂಗ್ರೆಸ್ ಸದಸ್ಯರು. ಹಿರಿಯರ ಮನೆ ಅಂತ ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದ ಸದನ ಅದು.

ವಕೀಲೆ: ಪಕ್ಷ ಬಿಡದವರೂ ಇದ್ದಾರಲ್ಲ. ಯಲಹಂಕದ ಶಾಸಕರು 2008ರಿಂದ ಒಂದೇ ಪಕ್ಷ. ಪಕ್ಷನಿಷ್ಠೆ ಅಂದರೆ ಎಸ್.ಆರ್. ವಿಶ್ವನಾಥ್ ಅಂತ ಹೇಳಬಹುದು.

ಮೇಷ್ಟ್ರು: ಹೇಳು. 2025ರ ಮಾರ್ಚ್ 21ರಂದು ವಿಧಾನಸಭೆಯಿಂದ ಅಮಾನತಾದ ಹದಿನೆಂಟು ಬಿಜೆಪಿ ಶಾಸಕರಲ್ಲಿ ಅವರೂ ಒಬ್ಬರು. ಹನಿಟ್ರ್ಯಾಪ್ ಆರೋಪದ ತನಿಖೆ ಕೇಳಿದ್ದು ನ್ಯಾಯವೇ. ಆದರೆ ಮಸೂದೆಯ ಪ್ರತಿ ಹರಿದು ಸಭಾಧ್ಯಕ್ಷರ ಪೀಠದತ್ತ ಎಸೆದದ್ದಕ್ಕೂ ಆ ನ್ಯಾಯಕ್ಕೂ ಏನು ಸಂಬಂಧ? ಮಾರ್ಷಲ್‌ಗಳು ಶಾಸಕರನ್ನು ಕೈಕಾಲು ಹಿಡಿದು ಹೊತ್ತೊಯ್ಯುವುದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಆ ಸದನದ ಗ್ಯಾಲರಿಗೆ ನಾನು ಮಕ್ಕಳನ್ನು ಸಾಲಾಗಿ ಕರೆದೊಯ್ಯುತ್ತಿದ್ದೆ, ಪಿಸುಮಾತೂ ಆಡಬಾರದು ಅಂತ ಗದರಿಸಿ. ಆರು ತಿಂಗಳ ಅಮಾನತು ಎರಡೇ ತಿಂಗಳಿಗೆ ರದ್ದಾಯಿತು.

ವಕೀಲೆ: ಹಾಗಾದರೆ ನಿಷ್ಠಾವಂತರೂ ಸೋತರು, ಪಕ್ಷ ಬಿಟ್ಟವರೂ ಸೋತರು. ನಿಮ್ಮ ಅಳತೆಗೋಲು ಯಾವುದು?

ಮೇಷ್ಟ್ರು: ತನ್ನವರು ತಪ್ಪು ಮಾಡಿದ ದಿನ ಏನು ಮಾಡಿದ? ಅಷ್ಟೇ. ಎದುರು ಪಕ್ಷದವನ ತಪ್ಪಿಗೆ ಎಲ್ಲರೂ ಶುದ್ಧ ಸನ್ಯಾಸಿಗಳೇ. 2012ರ ಫೆಬ್ರುವರಿಯಲ್ಲಿ ಸದನದಲ್ಲೇ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದ ಪ್ರಕರಣದಲ್ಲಿ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅವರಲ್ಲಿ ಲಕ್ಷ್ಮಣ ಸವದಿ 2019ರಲ್ಲಿ ಬಿಜೆಪಿಯ ಉಪಮುಖ್ಯಮಂತ್ರಿಯಾದರು. 2023ರಲ್ಲಿ ಕಾಂಗ್ರೆಸ್ ಅವರಿಗೆ ಅಥಣಿಯ ಟಿಕೆಟ್ ಕೊಟ್ಟಿತು, ಗೆದ್ದರು. ಅಂದು ಸಿಟ್ಟಾಗಿದ್ದ ಪಕ್ಷಕ್ಕೂ ಅಂದು ನಾಚಿದ ಪಕ್ಷಕ್ಕೂ ಆಮೇಲೆ ಆ ಪ್ರಶ್ನೆ ಬೇಡವಾಯಿತು.

ವಕೀಲೆ: (ಸ್ವಲ್ಪ ಹೊತ್ತಿನ ಮೇಲೆ) ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಒಬ್ಬ ಶಾಸಕಿ ಮಸೂದೆಯನ್ನು ಓದಿ, ಇದು ತಪ್ಪು ಅಂತ ಆತ್ಮಸಾಕ್ಷಿಯಿಂದ ವಿರುದ್ಧ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. ಕಾಗದ ಹರಿದು ಎಸೆದರೆ ಹೋಗಲ್ಲ. ಚಿಹ್ನೆಗೆ ನಾವು ಕಾವಲು ಹಾಕಿದ್ದೇವೆ, ನಡತೆಗೆ ಹಾಕಿಲ್ಲ. ವಿಪ್‌ನ ಭಯ ವಿಶ್ವಾಸಮತದಂಥ ಸರ್ಕಾರದ ಅಳಿವು ಉಳಿವಿನ ಸಂದರ್ಭಕ್ಕೆ ಮಾತ್ರ ಇರಲಿ ಅಂತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಯಾವ ಪಕ್ಷಕ್ಕೂ ಅದು ಬೇಕಾಗಲಿಲ್ಲ.

ಮೇಷ್ಟ್ರು: ಪಕ್ಷಗಳಿಗೆ ಬೇಕಾದದ್ದು ತಲೆ ಎಣಿಕೆ. ಹತ್ತೊಂಬತ್ತು ಶಾಸಕರ ಪತ್ರಗಳನ್ನು ನಂಬಿ 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದರು. ಅವರಲ್ಲಿ ಏಳು ಮಂದಿ ಆಗಲೇ ಹಿಂದೆ ಸರಿದಿದ್ದರು. ಬಹುಮತ ಸದನದೊಳಗೇ ಸಾಬೀತಾಗಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕನ್ನಡ ನಾಡಿನಿಂದ ದೇಶಕ್ಕೆ ಸಿಕ್ಕ ದೊಡ್ಡ ತೀರ್ಪು. ಆಮೇಲೆ ಸಮ್ಮಿಶ್ರ ಸರ್ಕಾರ ಬಿದ್ದ 2019ರ ಜುಲೈ ಬಂತು. ಬಿಜೆಪಿಯವರು ಯಲಹಂಕದ ಹತ್ತಿರದ ರೆಸಾರ್ಟಿನಲ್ಲಿ, ಕಾಂಗ್ರೆಸ್ಸಿನವರು ಯಶವಂತಪುರದ ಹೋಟೆಲಿನಲ್ಲಿ, ಜೆಡಿಎಸ್‌ನವರು ದೇವನಹಳ್ಳಿ ಕಡೆ, ರಾಜೀನಾಮೆ ಕೊಟ್ಟವರು ಮುಂಬೈಯಲ್ಲಿ. ಸಂತೆಗೆ ಹೊಡೆದುಕೊಂಡು ಹೋಗುವ ಕುರಿಗಳನ್ನೂ ಅಷ್ಟು ಕಾಯುವುದಿಲ್ಲ. ಹಾಗೆ ಕೂಡಿಹಾಕಿಸಿಕೊಳ್ಳಲು ಒಪ್ಪಿದವನು ನಾಳೆ ಸದನದಲ್ಲಿ ಎದ್ದು ನಿಂತು ಸ್ವಂತ ಮಾತಾಡುತ್ತಾನೆ ಅಂತ ಹೇಗೆ ನಂಬಲಿ?

ವಕೀಲೆ: ಕಾನೂನು ಬದಲಾಗುವ ತನಕ ಮತದಾರ ಏನು ಮಾಡಬೇಕು?

ಮೇಷ್ಟ್ರು: ತನ್ನ ವಾರ್ಡಿನಿಂದಲೇ ಶುರು ಮಾಡಲಿ. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಈಗ ಬೆಂಗಳೂರು ಉತ್ತರಕ್ಕೆ ಬೇರೆಯೇ ಪಾಲಿಕೆ ಆಗಿದೆ. ನಾಳಿನ ಶಾಸಕರು ತಯಾರಾಗುವುದು ಈ ವಾರ್ಡುಗಳಲ್ಲೇ. ಮತ ಕೇಳಲು ಬಂದವರನ್ನು ಯಾವ ಪಕ್ಷ ಅಂತ ಕೇಳು, ಬೇಡ ಅನ್ನಲ್ಲ. ಅದರ ಜೊತೆಗೆ ಇನ್ನೊಂದು ಕೇಳು: ನಿಮ್ಮ ಪಕ್ಷದವರು ತಪ್ಪು ಮಾಡಿದಾಗ ನಾಲ್ಕು ಜನರ ಎದುರು ನೀವು ಆಡಿದ ಒಂದು ಮಾತು ತೋರಿಸಿ. ತೋರಿಸದಿದ್ದರೆ ಕರಪತ್ರ ಅವರ ಕೈಗೇ ವಾಪಸ್ ಕೊಟ್ಟು ಕಳಿಸು.